ನಮ್ಮ ಮನೆ ಇಲ್ಲದ ಚಿತ್ರ

ಜನವರಿ 21, ಮಂಗಳವಾರ. ಖಾನಾಪುರ. ಒಂಬತ್ತನೆಯ ತರಗತಿ, ಮೂರನೆಯ ಅವಧಿ. ಹಾಜರಿ 38ರಲ್ಲಿ 34.

ನನ್ನ ದಿನಚರಿಯಲ್ಲಿ ಆ ದಿನದ ಪುಟ ಇಷ್ಟಕ್ಕೇ ನಿಂತಿದೆ. ಎಂಟನೆಯ ತರಗತಿಯಿಂದ ನಾನು ದಿನಚರಿ ಬರೆಯುತ್ತ ಬಂದಿದ್ದೇನೆ. ಅರ್ಧಕ್ಕೆ ಬಿಟ್ಟ ಪುಟಗಳು ಅದರಲ್ಲಿ ಒಟ್ಟು ಮೂರು. ಒಂದು ಟೈಫಾಯ್ಡ್ ಆಗಿದ್ದಾಗಿನದು, ಒಂದು ಅವ್ವ ತೀರಿಕೊಂಡ ದಿನದ್ದು, ಇನ್ನೊಂದು ಇದು.

ಆಗ ನಾನು ಬೆಳಗಾವಿಯಲ್ಲಿ ಬಿ.ಎಡ್. ಓದುತ್ತಿದ್ದೆ. ರಾಮತೀರ್ಥ ನಗರದ ಒಂದು ಮನೆಯ ಮಹಡಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಪಾಠ ಬೋಧನೆಯ ಅಭ್ಯಾಸಕ್ಕೆ ಖಾನಾಪುರದ ಒಂದು ಶಾಲೆಯನ್ನು ಕೊಟ್ಟಿದ್ದರು. ಬೆಳಿಗ್ಗೆ ಬಸ್ಸು ಹಿಡಿದು, ಪೀರನವಾಡಿ ದಾಟುವಷ್ಟರಲ್ಲಿ ಪಾಠಯೋಜನೆಯ ವಹಿಯನ್ನು ಒಮ್ಮೆ ಪೂರ್ತಿ ಓದಿ ಮುಗಿಸುವುದು ನನ್ನ ರೂಢಿ. ನನ್ನ ವಿಷಯ ಸಮಾಜ ವಿಜ್ಞಾನ, ಅದರಲ್ಲೂ ಇತಿಹಾಸ.

ಇಸವಿ ಮತ್ತು ರಾಜರ ಪಟ್ಟಿ ಓದಿಸಿದರೆ ಮಕ್ಕಳು ಕಿಟಕಿಯ ಹೊರಗೆ ನೋಡುತ್ತಾರೆ ಎಂಬುದು ಮೊದಲ ವಾರದಲ್ಲೇ ತಿಳಿದಿತ್ತು. ಹಾಗಾಗಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಇತಿಹಾಸದ ಸಾಮಗ್ರಿಯನ್ನೆಲ್ಲ ಹುಡುಕಿ ಒಂದು ಪಟ್ಟಿ ಮಾಡಿದೆ. ಸ್ಕ್ಯಾನ್ ಮಾಡಿದ ಹಳೆಯ ಗೆಜೆಟಿಯರುಗಳು, ಶಾಸನಗಳ ಪಡಿಯಚ್ಚು, ನಾಣ್ಯಗಳ ಚಿತ್ರ, ಬ್ರಿಟಿಷರ ಕಾಲದ ನಕಾಶೆ, ಹಳೆಯ ಸರ್ವೆ ಹಾಳೆಗಳು, ವರ್ಷ ವರ್ಷದ ಉಪಗ್ರಹ ಚಿತ್ರಗಳು. ಒಟ್ಟು 23. ಪ್ರತಿಯೊಂದಕ್ಕೂ ಮೂರು ಪರೀಕ್ಷೆ ಇಟ್ಟೆ: ಸಾಧಾರಣ ಫೋನಿನಲ್ಲಿ ತೆರೆಯುತ್ತದೆಯೇ, ಇಂಗ್ಲಿಷ್ ಬಾರದ ಮಗುವಿಗೂ ಅರ್ಥವಾಗುತ್ತದೆಯೇ, ನಮ್ಮ ತಾಲೂಕಿನದು ಏನಾದರೂ ಅದರಲ್ಲಿದೆಯೇ. ಮೂರರಲ್ಲೂ ಪಾಸಾದವು ಆರು. ಆರರಲ್ಲಿ ನನಗೆ ಬಹಳ ಹಿಡಿಸಿದ್ದು ಉಪಗ್ರಹ ಚಿತ್ರ. ಅದರಲ್ಲಿ ಕೆಳಗೊಂದು ಪಟ್ಟಿ ಇರುತ್ತದೆ. ಬೆರಳಿಟ್ಟು ಎಡಕ್ಕೆ ಸರಿಸಿದರೆ ಅದೇ ಜಾಗ ಹತ್ತು, ಇಪ್ಪತ್ತು, ನಲವತ್ತು ವರ್ಷ ಹಿಂದೆ ಹೇಗಿತ್ತೆಂದು ಕಾಣುತ್ತದೆ. ಓದಲು ಬಾರದವರಿಗೂ ತಿಳಿಯುವ ಇತಿಹಾಸ ಅದು.

ಆ ಮಂಗಳವಾರ ನನ್ನ ಪಾಠ ನೋಡಲು ಕಾಲೇಜಿನಿಂದ ಮೇಡಂ ಬಂದಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತು ಫೋನಿನಲ್ಲಿ ಪಾಠವನ್ನೆಲ್ಲ ಚಿತ್ರೀಕರಿಸುತ್ತಿದ್ದರು. ಪ್ರೊಜೆಕ್ಟರ್ ಬೆಳಕಿನಲ್ಲಿ ಗೋಡೆಯ ತುಂಬ ಖಾನಾಪುರ. ಮಕ್ಕಳು ಎದ್ದು ನಿಂತುಬಿಟ್ಟಿದ್ದರು.

“ಟೀಚರ್, ನಮ್ಮ ಎಮ್ಮಿ ಕಾಣಸ್ತೈತೇನ್ರೀ?”

“ನಿಮ್ಮ ಎಮ್ಮಿ ಯಾಕ ಕಾಣಸ್ತೈತಿ, ನೀನ ಕಾಣಸ್ತಿ ನೋಡು, ಅಷ್ಟ ದಪ್ಪ ಅದಿ!” ಅಂದ ಪಕ್ಕದ ಹುಡುಗ.

ಒಬ್ಬೊಬ್ಬರ ಊರನ್ನೂ ತೋರಿಸಿದೆ. ರೈಲ್ವೆ ಹಳಿ, ಹೊಳೆ, ಹೊಸ ರಸ್ತೆ, ಹಂಚಿನ ಕಾರ್ಖಾನೆ. ಪಟ್ಟಿ ಸರಿಸಿದಾಗ ಮನೆಗಳು ಕಡಿಮೆಯಾಗುತ್ತ ಹೋಗುವುದನ್ನು ಕಂಡು ಕೂಗಿದರು. ಏಳು ಊರು ಮುಗಿದ ಮೇಲೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು, “ಟೀಚರ್, ನಿಮ್ಮೂರ ತೋರಸ್ರೀ” ಅಂದಳು. ನನಗೂ ಉಮೇದು. ಪಶ್ಚಿಮದ ಕಾಡಿನ ಕಡೆ ಸರಿಸಿ ನಮ್ಮ ವಾಡೆಯನ್ನು ಹುಡುಕಿದೆ.

ವಾಡೆ ಎಂದರೆ ಬೆಳಗಾವಿಯಲ್ಲಿ ದೊಡ್ಡ ಕಲ್ಲುಮನೆ ಎಂದುಕೊಳ್ಳುತ್ತಾರೆ. ನಮ್ಮದು ಗೌಳಿಗರ ವಾಡೆ. ಹನ್ನೊಂದು ಮನೆ, ಮನೆಯೊಳಗೇ ಅರ್ಧ ಭಾಗ ಎಮ್ಮೆಗಳಿಗೆ, ಸುತ್ತ ಒಂದಿಷ್ಟು ರಾಗಿ ಭತ್ತದ ಹೊಲ, ಅದರಾಚೆ ಕಾಡು. ಬಸ್ಸು ಇಳಿದು ನಾಲ್ಕು ಕಿಲೋಮೀಟರ್ ನಡೆಯಬೇಕು. ಗೋಡೆಯ ಮೇಲೆ ಅದು ಹಸಿರಿನ ನಡುವೆ ಅಂಗೈಯಷ್ಟು ಕಂದು ಬಣ್ಣ. “ಇಕಾ, ಇದು ನಮ್ಮ ಮನಿ” ಎಂದು ಪಟ್ಟಿಯನ್ನು ಎಡಕ್ಕೆ ಸರಿಸಿದೆ. ಅಂಗೈ ಚಿಕ್ಕದಾಯಿತು. ಇನ್ನೂ ಸರಿಸಿದೆ. ಕೊನೆಯ ಚಿತ್ರದಲ್ಲಿ ಬರೀ ಹಸಿರು.

“ಅಯ್ಯ, ಟೀಚರ್, ನಿಮ್ಮನಿ ಇಲ್ಲೇ ಇಲ್ರೀ!” ಅಂದಳು ಅದೇ ಹುಡುಗಿ.

ಮೂವತ್ತನಾಲ್ಕು ಮಕ್ಕಳು ಒಟ್ಟಿಗೆ ನಕ್ಕರು. ಹಿಂದೆ ಮೇಡಂ ಕೂಡ ನಕ್ಕರು. ನಾನು ನಗಲಿಲ್ಲ. ನನ್ನ ಕೈ ಮೌಸಿನ ಮೇಲೇ ಇತ್ತು. ಪಟ್ಟಿಯನ್ನು ಬಲಕ್ಕೆ ಎಳೆದು ಕಂದು ಬಣ್ಣವನ್ನು ಮರಳಿ ತಂದೆ.

ಆಗಿದ್ದು ಇಷ್ಟು. ಹಿಂದಿನ ನವೆಂಬರಿನಲ್ಲಿ ಅಪ್ಪನ ಅರಣ್ಯ ಹಕ್ಕಿನ ಅರ್ಜಿ ಮರುಪರಿಶೀಲನೆಗೆ ಬಂದಿತ್ತು. ಮನೆಯ ಜಾಗಕ್ಕೂ ಮೂರೂವರೆ ಎಕರೆ ಹೊಲಕ್ಕೂ ಹಕ್ಕುಪತ್ರ ಬೇಕೆಂದು ಕೇಳಿದ ಅರ್ಜಿ ಅದು. ಸಿಕ್ಕರೆ ಆ ನೆಲ ನಮ್ಮದು. ಸಿಗದಿದ್ದರೆ ಯಾವ ದಿನವಾದರೂ ಏಳಿ ಎನ್ನಬಹುದು. ಮೂರು ತಲೆಮಾರಿನಿಂದ ಕಾಡಿನಲ್ಲಿ ಇದ್ದೇವೆಂದು ತೋರಿಸಬೇಕು. ಅದರ ಜೊತೆ ಕೊಡುವ ಹೇಳಿಕೆಯನ್ನು ಚೆಂದದ ಅಕ್ಷರದಲ್ಲಿ ಬರೆದುಕೊಟ್ಟವಳು ನಾನು. “ನನ್ನ ಅಜ್ಜನ ಕಾಲದಿಂದ ಇದೇ ಜಾಗದಲ್ಲಿ ವಾಸವಾಗಿದ್ದು, ಇದೇ ಭೂಮಿಯನ್ನು ಸಾಗುವಳಿ ಮಾಡುತ್ತ ಬಂದಿದ್ದೇವೆ.” ಅಪ್ಪ ಹೇಳಿದ್ದನ್ನು ಬರೆದೆ. ಕೆಳಗೆ ಅಪ್ಪನ ಸಹಿ ಇದೆ.

ಗೋಡೆಯ ಮೇಲಿನ ಚಿತ್ರದ ಪ್ರಕಾರ, ನಲವತ್ತು ವರ್ಷದ ಹಿಂದೆ ಅಲ್ಲಿ ಕಾಡಲ್ಲದೆ ಬೇರೇನೂ ಇರಲಿಲ್ಲ.

ಪಾಠ ಮುಗಿದ ಮೇಲೆ ಮೇಡಂ ನನ್ನ ಬೆನ್ನು ತಟ್ಟಿದರು. ಹತ್ತಕ್ಕೆ ಒಂಬತ್ತು ಅಂಕ ಕೊಟ್ಟರು. ಇದನ್ನು ಕಾಲೇಜಿನ ಪುಟದಲ್ಲಿ ಹಾಕುತ್ತೇನೆ, ಎಲ್ಲ ಶಿಕ್ಷಕರೂ ನೋಡಬೇಕಾದ ಪಾಠ ಇದು ಅಂದರು. ನಾನು ಹೂಂ ಅಂದೆ. ಬೇಡ ಎನ್ನಲು ಕಾರಣ ಹೇಳಬೇಕಲ್ಲ.

ವಿಡಿಯೋ ಮರುದಿನವೇ ಬಂತು. ಎಷ್ಟು ಜನ ನೋಡಿದರು ಎಂಬುದು ಅದರ ಕೆಳಗೇ ಇರುತ್ತದೆ. ದಿನಚರಿಯಲ್ಲಿ ನಾನು ದಿನವೂ ಮೊದಲು ಬರೆಯುತ್ತಿದ್ದುದು ಆ ಅಂಕಿಯನ್ನೇ. ಬುಧವಾರ 9. ಗುರುವಾರ 31. ಶನಿವಾರ 77. ಆ 77ರಲ್ಲಿ ನಾನೇ ಎಷ್ಟು ಎಂದು ಲೆಕ್ಕ ಹಾಕಿದೆ. ಹನ್ನೆರಡು ಸಲ ನೋಡಿದ್ದೆ. ಹದಿನೇಳನೆಯ ನಿಮಿಷಕ್ಕೆ ನನ್ನ ದನಿ, “ಇದು ನಮ್ಮ ಮನಿ.” ಹದಿನೆಂಟನೆಯದರಲ್ಲಿ ಆ ಹುಡುಗಿಯ ದನಿ. ಮಿಕ್ಕ ಅರವತ್ತೈದು ಯಾರು? ಶಿಕ್ಷಕರೇ ಇರಬಹುದು. ಶಿಕ್ಷಕರ ಗಂಡಂದಿರು, ಅಣ್ಣತಮ್ಮಂದಿರು ಯಾವ ಕಚೇರಿಯಲ್ಲಿದ್ದಾರೋ ನನಗೇನು ಗೊತ್ತು? ಬಸ್ಸಿಗೆ ಖಾಕಿ ಅಂಗಿ ಹತ್ತಿದರೆ ಸಾಕು, ಅರಣ್ಯ ಇಲಾಖೆಯವರೆಂದು ಪಾಠಯೋಜನೆಯ ವಹಿಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ. ಆಮೇಲೆ ನೋಡಿದರೆ ಅವರು ಬಸ್ಸಿನ ಕಂಡಕ್ಟರ್ ಆಗಿರುತ್ತಿದ್ದರು.

ಜನವರಿ 31ಕ್ಕೆ ಅಂಕಿ 212 ಆಯಿತು. ತಡೆಯಲಾರದೆ ಮೇಡಂ ಬಳಿ ಹೋದೆ.

“ಮೇಡಂ, ಆ ವಿಡಿಯೋ ತಗದ್ರ ಆಗ್ತಿತ್ತೇನ್ರೀ?”

“ಯಾಕವಾ?”

“ಅದರಾಗ ನಾ... ಚೊಲೋ ಕಾಣಂಗಿಲ್ರೀ.”

“ಏ ಹುಚ್ಚಿ! ಪಾಠ ನೋಡ್ತಾರ, ನಿನ್ನ ಮಾರಿ ಯಾರು ನೋಡ್ತಾರ? ಕನ್ಯಾ ನೋಡಾಕ ಬರಾವ್ರಿಗೆ ಬ್ಯಾರೆ ಫೋಟೋ ತಗಿಸಿಕೊ, ಹೋಗು.”

ಸುತ್ತ ಕುಳಿತಿದ್ದವರು ನಕ್ಕರು. ನಾನೂ ನಕ್ಕು ಹೊರಗೆ ಬಂದೆ.

ಆ ಹತ್ತು ದಿನ ನನಗೆ ಎರಡು ಭಯ ಇದ್ದವು. ಯಾರಾದರೂ ನೋಡಿಬಿಟ್ಟರೆ ಎಂಬುದು ಒಂದು. ಅಪ್ಪ ಸುಳ್ಳು ಹೇಳಿರಬಹುದೇ ಎಂಬುದು ಇನ್ನೊಂದು. ಎರಡನೆಯದು ದೊಡ್ಡದು. ಹಾಲಿಗೆ ಒಂದು ಲೋಟ ನೀರು ಬೆರೆಸದ ಮನುಷ್ಯ ನಮ್ಮಪ್ಪ. ಕೇಳದೆ ಇರಲಾರೆ, ಕೇಳಿದರೆ ಬರುವ ಉತ್ತರ ಬೇಡ.

ಫೆಬ್ರವರಿ 2, ಭಾನುವಾರ, ಮನೆಗೆ ಹೋದೆ. ಅಪ್ಪ ಎಮ್ಮೆಗೆ ಹಿಂಡಿ ಕಲಸುತ್ತಿದ್ದರು. ಆಯಿ, ಅಂದರೆ ಅಪ್ಪನ ತಾಯಿ, ಬಾಗಿಲ ಬಿಸಿಲಿಗೆ ಕಾಲು ಚಾಚಿ ಕುಳಿತಿದ್ದಳು. ನಮ್ಮ ಮನೆಯಲ್ಲಿ ಮರಾಠಿ ಕನ್ನಡ ಎರಡೂ ಕಲೆತೇ ಇರುತ್ತವೆ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅಪ್ಪನಿಗೆ ಫೋನಿನಲ್ಲಿ ಚಿತ್ರ ತೋರಿಸಿದೆ. ಪಟ್ಟಿ ಸರಿಸಿದೆ. ಅಪ್ಪ ಹಿಂಡಿಯ ಕೈಯನ್ನು ದೂರ ಹಿಡಿದು ಬಗ್ಗಿ ನೋಡಿದರು. ಆಮೇಲೆ ಮತ್ತೆ ಕಲಸತೊಡಗಿದರು.

“ಅಪ್ಪಾ, ನಾವು ಇಲ್ಲಿ ಇರಲಿಲ್ಲೇನು?”

“ಇದ್ವಿ.”

“ಚಿತ್ರದಾಗ ಇಲ್ಲಲ್ಲ.”

“ಇಲ್ಲೆ ಅಂದ್ರ... ಈ ಅಡವಿಯೊಳಗ ಇದ್ವಿ.”

“ನೀ ಇದೇ ಜಾಗ ಅಂತ ಬರಸಿದಿ. ನಾನ ಬರದೇನಿ.”

“ಎಲ್ಲಾರೂ ಹಂಗ ಬರಸ್ಯಾರ. ಹನ್ನೊಂದು ಮನಿಯವ್ರೂ. ಅರ್ಜಿ ಬರೀವಾಂವ ಹೇಳಿದ, ಒಂದ ಜಾಗ ಅಂತ ಬರಸ್ರಿ, ತಿರಗ್ಯಾಡಾವ್ರು ಅಂದ್ರ ನೆಲಾ ಕೊಡಂಗಿಲ್ಲ ಅಂತ. ತಿರಗ್ಯಾಡಾವ್ರಿಗೆ ಊರು ಎಲ್ಲಿ? ಊರಿಲ್ಲದಾವ್ರಿಗೆ ಹಕ್ಕು ಎಲ್ಲಿ?”

“ಈ ಚಿತ್ರ ಯಾರ ಬೇಕಾದರೂ ನೋಡಬಹುದಪ್ಪಾ. ಪುಕ್ಕಟೆ ಐತಿ. ನಾ ಮಕ್ಕಳಿಗೆ ತೋರಿಸೇನಿ.”

ಅಪ್ಪನ ಕೈ ನಿಂತಿತು. “ಯಾರಿಗೆ ತೋರಿಸಿದಿ?”

ಹೇಳಿದೆ. ಎಷ್ಟು ಜನ ನೋಡಿದ್ದಾರೆ ಎಂಬುದನ್ನೂ ಹೇಳಿದೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈ ತೊಳೆದುಕೊಂಡು ಬಂದು ಕಟ್ಟೆಯ ಮೇಲೆ ಕುಳಿತರು. “ಅರ್ಜಿ ವಿಚಾರಣಿಗೆ ಫೆಬ್ರವರಿ ಹದಿನೇಳಕ್ಕ ಕರದಾರ ಖಾನಾಪುರಕ್ಕ” ಅಂದರು. ಅಷ್ಟೇ.

ಆಯಿ ನನ್ನನ್ನು ಕರೆದಳು. “ಏ ಪೋರಿ, ಏನ ಗಲಾಟಿ ಅದು? ಯಾ ಜಾಗದ ಮಾತು?”

“ಈ ವಾಡೆದ್ದು, ಆಯಿ.”

“ಇದೇನು ಹಳೇದಲ್ಲ. ನಿಮ್ಮಪ್ಪಗ ಮೀಸಿ ಚಿಗುರೂ ಹೊತ್ತಿಗೆ ಇಲ್ಲಿಗೆ ಬಂದ್ವಿ. ಅದರ ಹಿಂದಿಂದು ಹಲಸಿನ ವಾಡೆ. ನಿಮ್ಮಪ್ಪ ಹುಟ್ಟಿದ್ದು ಅಲ್ಲಿ.”

ಹುಲ್ಲು ತೀರಿದರೆ, ನೀರು ಬತ್ತಿದರೆ, ರೋಗ ಬಂದರೆ, ವಾಡೆಯನ್ನೇ ಎಬ್ಬಿಸಿಕೊಂಡು ಕಾಡಿನೊಳಗೇ ಬೇರೆ ಕಡೆ ಹೋಗುವುದು ನಮ್ಮವರ ಪದ್ಧತಿಯಾಗಿತ್ತು. ಕಂಬ, ತೊಲೆ, ಬಾಗಿಲು ಹೊತ್ತುಕೊಂಡೇ ಹೋಗುತ್ತಿದ್ದರು. ಇದನ್ನು ನಾನು ಕೇಳಿದ್ದೆ, ಹಾಡಿನಂತೆ, ಕತೆಯಂತೆ ಕೇಳಿದ್ದೆ. ಇಸವಿಗೆ ಜೋಡಿಸಿ ನೋಡಿರಲಿಲ್ಲ. ಇತಿಹಾಸದ ಸಾಮಗ್ರಿ ಎಂದು 23 ಹುಡುಕಿದವಳು, ಬಾಗಿಲಲ್ಲಿ ಕುಳಿತ ಆಯಿಯನ್ನು ಆ ಪಟ್ಟಿಯಲ್ಲಿ ಬರೆದುಕೊಂಡಿರಲಿಲ್ಲ.

ವಹಿ ತೆಗೆದು ಕುಳಿತೆ. ಆಯಿಗೆ ಇಸವಿ ಗೊತ್ತಿಲ್ಲ. ಯಾವ ವಾಡೆಯಲ್ಲಿ ಯಾರು ಹುಟ್ಟಿದರು, ಯಾವ ಎಮ್ಮೆ ಸತ್ತಿತು, ಎಲ್ಲಿ ಹುಲಿ ಕರು ಒಯ್ದಿತು ಎಂಬುದು ಗೊತ್ತು. ಅತ್ತೆಯರ ವಯಸ್ಸು, ಅಪ್ಪನ ವಯಸ್ಸು ಕೂಡಿ ಕಳೆದು ನಾನು ಇಸವಿ ಹಾಕಿದೆ. ಈಗಿನದು ಸೇರಿ ಏಳು ವಾಡೆ. ಆಯಿ ಇದ್ದದ್ದು ಐದರಲ್ಲಿ. ಮೊದಲಿನ ಎರಡು ಅವಳ ಅತ್ತೆ ಹೇಳಿದ್ದು. ಆಯಿ ಮದುವೆಯಾಗಿ ಬಂದ ವಾಡೆ, ಒಂದು ಹಳ್ಳದ ಆಚೆಯದು, ಮೂರೇ ವರ್ಷಕ್ಕೆ ಬಿಟ್ಟರಂತೆ.

“ಯಾಕ, ಆಯಿ?”

“ಜ್ವರ ಬಂತು. ಬಿಟ್ವಿ. ರೋಗಾ ಬಂದು ಬಿಟ್ಟ ವಾಡೆಕ್ಕ ತಿರಗಿ ಕಾಲಿಡಬಾರದು. ಎಮ್ಮಿ ಸೈತ ಹೊಡಕೊಂಡು ಹೋಗೂದಿಲ್ಲ.”

ಮುಂದಿನ ಐದು ದಿನ ಕಾಲೇಜು ಮುಗಿದ ಮೇಲೆ ಕಂಪ್ಯೂಟರ್ ಕೋಣೆಯಲ್ಲಿ ಕುಳಿತೆ. ಪಟ್ಟಿಯನ್ನು ಒಂದೊಂದೇ ವರ್ಷ ಸರಿಸಿದೆ. ಈಗಿನ ವಾಡೆಯ ಕಂದು ಕಲೆ ತೆರೆದುಕೊಳ್ಳುತ್ತಿದ್ದ ವರ್ಷಗಳಲ್ಲೇ, ಮೂರು ಕಿಲೋಮೀಟರ್ ಆಚೆ ಒಂದು ಅಕ್ಕಿಕಾಳಿನಷ್ಟು ಕಲೆ ನಿಧಾನಕ್ಕೆ ಹಸಿರಾಗಿ ಮುಚ್ಚಿಹೋಗುತ್ತಿತ್ತು. ಹಲಸಿನ ವಾಡೆ. ಅದಕ್ಕಿಂತ ಹಿಂದಿನದಕ್ಕೆ ಉಪಗ್ರಹ ಇಲ್ಲ. ಹಳೆಯ ಸರ್ವೆ ಹಾಳೆಗಳನ್ನು ತೆರೆದೆ. ಅರವತ್ತು ಎಪ್ಪತ್ತು ವರ್ಷದ ಹಿಂದೆ ಅಳೆದ ಹಾಳೆಯೊಂದರಲ್ಲಿ, ಒಂದು ಹಳ್ಳದ ಪಕ್ಕ, ನಾಲ್ಕು ಕಪ್ಪು ಚುಕ್ಕೆ. ಬದಿಯಲ್ಲಿ ಇಂಗ್ಲಿಷಿನ ಓರೆ ಅಕ್ಷರದಲ್ಲಿ “ಗೌಳಿವಾಡಾ”. ಊರಿನ ಹೆಸರಿಲ್ಲ, ಮತ್ತೇನೂ ಇಲ್ಲ. ಆಯಿ ಮದುವೆಯಾಗಿ ಬಂದ ವಾಡೆ ಇದೇ ಇರಬೇಕು.

ಪರದೆಯನ್ನು ಮುಟ್ಟಿ ನೋಡಿದೆ. ಖುಷಿಯಾಗಬೇಕಿತ್ತು. ಆದರೆ ಇದನ್ನು ತೋರಿಸಬೇಕೆಂದರೆ ಮೊದಲು ಕೊಟ್ಟ ಹೇಳಿಕೆ ಸುಳ್ಳೆಂದು ಒಪ್ಪಬೇಕು. ಸುಳ್ಳು ಹೇಳಿಕೆಗೆ ಅರ್ಜಿಯನ್ನೇ ತಳ್ಳಿಹಾಕಿದರೆ? ನಮ್ಮೊಬ್ಬರದಲ್ಲ, ಉಳಿದ ಹತ್ತು ಮನೆಯವರೂ ಅದನ್ನೇ ಬರೆಸಿದ್ದಾರೆ. ಅಪ್ಪನಿಗೆ ಫೋನ್ ಮಾಡಿದೆ.

“ಅದನ್ನ ತೋರಿಸಿದ್ರ ಏನಾಕ್ಕೈತಿ?” ಅಪ್ಪ ಕೇಳಿದರು.

“ಗೊತ್ತಿಲ್ಲಪ್ಪಾ.”

“ತೋರಿಸಲಿಲ್ಲ ಅಂದ್ರ?”

“ಅದೂ ಗೊತ್ತಿಲ್ಲ.”

“ಮತ್ತ ಇಷ್ಟು ಓದಿ ನಿನಗ ಗೊತ್ತಿರೂದರ ಏನು?” ಎಂದು ಫೋನ್ ಇಟ್ಟರು.

ಫೆಬ್ರವರಿ 17, ಸೋಮವಾರ. ಖಾನಾಪುರ. ಕಚೇರಿಯ ಹೊರಗೆ ಬೆಂಚು ಎರಡು, ಕಾಯುತ್ತಿದ್ದವರು 26. ನಮ್ಮ ಸರದಿ ಹನ್ನೊಂದನೆಯದು. ನನ್ನ ಚೀಲದಲ್ಲಿ ಸರ್ವೆ ಹಾಳೆಯ ಮುದ್ರಿತ ಪ್ರತಿ ಮತ್ತು ಆಯಿ ಹೇಳಿದ ಪಟ್ಟಿ ಇದ್ದವು. ಅವನ್ನು ತೆಗೆಯಬೇಕೋ ಬೇಡವೋ ಎಂದು ಅಪ್ಪ ಹೇಳಿರಲಿಲ್ಲ. ನಾನು ಕೇಳಲಿಲ್ಲ.

ಒಳಗೆ ಅರ್ಜಿ ವಿಚಾರಿಸುವ ಸಾಹೇಬರು ಚಿಕ್ಕ ವಯಸ್ಸಿನವರು, ಬೇರೆ ಕಡೆಯವರು ಎಂದು ಮಾತಿನಲ್ಲೇ ತಿಳಿಯುತ್ತಿತ್ತು. ಅಪ್ಪನ ಹೇಳಿಕೆಯನ್ನು, ನನ್ನ ಅಕ್ಷರವನ್ನು, ಒಮ್ಮೆ ಓದಿದರು. ಆಮೇಲೆ ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿದರು. ಅದೇ ಚಿತ್ರ. ಕೆಳಗೆ ಅದೇ ಪಟ್ಟಿ. ನಮ್ಮ ಹೊಲದ ಸುತ್ತ ಕೆಂಪು ಗೆರೆ. ಗೆರೆಯ ಒಳಗೆ ಬರೀ ಹಸಿರು.

ನನ್ನ ವಿಡಿಯೋ ನೋಡಿದರೇ? ಇಲ್ಲ. ಅವರಿಗೆ ಅದರ ಅಗತ್ಯವೇ ಇರಲಿಲ್ಲ. ಅರ್ಜಿ ಬಂದ ಎಲ್ಲ ಜಾಗಗಳನ್ನೂ ಅವರು ಹೀಗೇ ನೋಡುತ್ತಾರಂತೆ. ನಾನು 212 ಜನರನ್ನು ಒಬ್ಬೊಬ್ಬರಾಗಿ ಹೆದರಿ ಎಣಿಸಿದ್ದೆ. ನೋಡಬೇಕಾದವರು ಮೊದಲೇ ನೋಡಿಯಾಗಿತ್ತು.

“ಇದಕ್ಕೆ ಏನು ಹೇಳ್ತೀರಿ?” ಅಂದರು.

ಅಪ್ಪ ಎದ್ದು ನಿಂತರು. “ಸಾಹೇಬ್ರ, ನಾ ಸುಳ್ಳ ಬರಸೀನ್ರೀ.”

ಸಾಹೇಬರು ಪೆನ್ನು ಕೆಳಗಿಟ್ಟರು. ಪಕ್ಕದ ಮೇಜಿನ ಗುಮಾಸ್ತರು ತಲೆ ಎತ್ತಿದರು. ಮುಗಿಯಿತು ಎಂದುಕೊಂಡೆ.

“ಸುಳ್ಳು ಅಂತ ನೀವೇ ಹೇಳ್ತಿದ್ದೀರಾ?”

“ಜಾಗಾ ಒಂದ ಅಂದದ್ದು ಸುಳ್ಳರೀ. ಮೂರು ತಲಿಮಾರು ಅಂದದ್ದು ಖರೇ. ನಾವು ಏಳು ಕಡೆ ಇದ್ದೇವ್ರೀ. ಎಲ್ಲಾ ಇದೇ ಅಡವ್ಯಾಗ. ಹೇ, ತೋರಸವಾ.”

ನಾನು ಹಾಳೆ ಬಿಡಿಸಿದೆ. ಅವರು ಬಹಳ ಹೊತ್ತು ನೋಡಿದರು. ಕಪ್ಪು ಚುಕ್ಕೆಗಳ ಮೇಲೆ ಪೆನ್ನಿನ ತುದಿ ಇಟ್ಟು, “ಈ ವಾಡೆ ನಿಮ್ಮ ಮನೆತನದ್ದೇ ಅಂತ ಏನು ಗುರುತು? ಬೇರೆ ಗೌಳಿಗರದ್ದೂ ಇರಬಹುದಲ್ಲ?” ಅಂದರು. ನಕಾಶೆಯಲ್ಲಿ ಹೆಸರಿಲ್ಲ. “ಸ್ಥಳ ನೋಡೋಣ. ತೋರಿಸೋರು ಯಾರಿದ್ದಾರೆ?” ಎಂದು ಅವರೇ ಕೇಳಿದರು.

“ನಮ್ಮವ್ವ ಅದಾಳ್ರೀ” ಅಂದರು ಅಪ್ಪ.

ಮಾರ್ಚ್ 11, ಮಂಗಳವಾರ. ಆಯಿಯನ್ನು ಸಾಹೇಬರ ಜೀಪಿನಲ್ಲಿ ಕೂಡಿಸಿ ದಾರಿ ಇರುವವರೆಗೆ ಒಯ್ದೆವು. ಆಮೇಲೆ ನಡಿಗೆ. ಅವಳಿಗೆ ಎರಡೂ ಮಂಡಿ ನೋವು. ನೂರು ಹೆಜ್ಜೆಗೊಮ್ಮೆ ಕೂರುತ್ತಿದ್ದಳು. ಹಲಸಿನ ವಾಡೆ ಸುಲಭವಾಗಿ ಸಿಕ್ಕಿತು. ಮರವೇ ಇತ್ತು. ಸಾಹೇಬರು ಬರೆದುಕೊಂಡರು, ಆದರೆ, “ಇದಕ್ಕೆ ನಲವತ್ತು ವರ್ಷದ ಚಿತ್ರವಷ್ಟೇ ಸಾಕ್ಷಿ. ನಕಾಶೆಯಲ್ಲಿರೋದು ಬೇಕು” ಅಂದರು.

ಫೋನು ತೋರಿಸಿದ ಕಡೆ ನಡೆದೆವು. ಗುರುತು ಬಿದ್ದ ಜಾಗಕ್ಕೆ ಮುಟ್ಟಿದಾಗ ಅಲ್ಲಿ ಬಿದಿರ ಮೆಳೆ, ಇಳಿಜಾರು. ಮನೆ ಕಟ್ಟುವ ನೆಲವೇ ಅಲ್ಲ. ಹಳೆಯ ಹಾಳೆಯನ್ನು ಹೊಸ ನಕಾಶೆಯ ಮೇಲೆ ಕೂಡಿಸುವಾಗ ಒಂದಿಷ್ಟು ಜಾರುತ್ತದೆ ಎಂದು ಓದಿದ್ದೆ. ಎಷ್ಟು, ಯಾವ ಕಡೆ ಎಂದು ಓದಿರಲಿಲ್ಲ.

ಆಯಿ ಸುತ್ತ ನೋಡಿದಳು. “ಇದಲ್ಲ. ಹಳ್ಳ ಎಲ್ಲೈತಿ?” ಎಂದು ಕೆಳಗಿಳಿಯತೊಡಗಿದಳು. ನಾವು ಹಿಂದೆ. ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರು. ಅದರ ದಡಕ್ಕೆ ಬಂದು ಆಯಿ ಒಂದು ಬೇರಿನ ಮೇಲೆ ಕುಳಿತುಬಿಟ್ಟಳು. ಕೋಲೆತ್ತಿ ಆಚೆ ದಡ ತೋರಿಸಿದಳು.

“ಅಲ್ಲಿ.”

“ಬನ್ನಿ ಅಮ್ಮಾ, ತೋರಿಸಿ” ಅಂದರು ಸಾಹೇಬರು.

“ನಾ ಬರಂಗಿಲ್ರೀ.”

“ಅವ್ವಾ,” ಅಪ್ಪ ಹೇಳಿದರು, “ಇಷ್ಟು ದೂರ ಬಂದೇವಿ. ನಾಕು ಹೆಜ್ಜಿ.”

“ನಾಕಿರಲಿ, ಒಂದಿರಲಿ. ಬಿಟ್ಟ ವಾಡೆ ಅದು.”

“ಅದಿಲ್ಲ ಅಂದ್ರ ನೆಲಾ ಇಲ್ಲ ಬೇ! ನಾಳೆ ಎಲ್ಲಿ ಹೋಗೂಣು?”

“ಹೋಗಾಕ ನಮಗೇನ ಹೊಸಾದೇನು?” ಅಂದಳು ಆಯಿ.

ನಾನು ಅವಳ ಕಾಲ ಬಳಿ ಕುಳಿತೆ. ತಲೆ ಎತ್ತಿ ಅವಳ ಮುಖ ನೋಡಿದೆ. ಹಟವಲ್ಲ, ಹೆದರಿಕೆ. ಅರವತ್ತು ವರ್ಷದ ಹಿಂದಿನ ಜ್ವರ ಆ ದಡದಲ್ಲಿ ಇನ್ನೂ ಕೂತಿದೆ ಎಂಬಂತೆ ನೋಡುತ್ತಿದ್ದಳು. ಅಪ್ಪ ಚಪ್ಪಲಿ ಬಿಟ್ಟು ನೀರಿಗಿಳಿದರು. ಸಾಹೇಬರು ಹಿಂದೆ. ನಾನೂ ಏಳಹೋದೆ. ಆಯಿ ನನ್ನ ಜಡೆ ಹಿಡಿದು ಎಳೆದು ಕೂರಿಸಿದಳು.

“ನೀ ಹೋದಿ ಅಂದ್ರ ನೋಡು!”

ಆಚೆ ದಡದಲ್ಲಿ ಅವರಿಬ್ಬರೂ ಗಿಡಗಳೊಳಗೆ ಮರೆಯಾದರು. ತರಗೆಲೆಯ ಸದ್ದು ಮಾತ್ರ. ಗಡಿಯಾರ ನೋಡಿಕೊಂಡೆ. ಹನ್ನೊಂದು ಐದು. ಹನ್ನೊಂದು ಹದಿನೈದಕ್ಕೆ ಅಪ್ಪನ ದನಿ: “ಅವ್ವಾ, ಏನೂ ಇಲ್ಲ ಇಲ್ಲಿ! ಬರೇ ಗಿಡಾ!”

“ಹಾಸಗಲ್ಲು ನೋಡು!” ಆಯಿ ಕೂಗಿದಳು. ಆ ದೇಹದಲ್ಲಿ ಅಷ್ಟು ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. “ಹಾಸಗಲ್ಲಿನ್ಯಾಗ ಒಳ್ಳು ಕೊರದೈತಿ! ಭತ್ತಾ ಕುಟ್ಟೂ ಒಳ್ಳು! ಎಲಿ ಸರಸು!”

ಕಂಬ ತೊಲೆ ಹೊತ್ತು ಹೋಗುತ್ತಿದ್ದವರು ಹಾಸುಬಂಡೆಯಲ್ಲಿ ಕೊರೆದ ಒರಳನ್ನು ಹೊತ್ತು ಹೋಗಲಾರರು. ಅದು ನನಗೆ ಹೊಳೆದಿರಲೇ ಇಲ್ಲ.

ಹನ್ನೊಂದು ನಲವತ್ತು. ಸದ್ದಿಲ್ಲ. ಹನ್ನೊಂದು ಐವತ್ತು. ಹಾವು ಮುಟ್ಟಿತೋ, ಏನಾದರೂ ಆಯಿತೋ ಎಂದು ನಾನು ಕೂಗಬೇಕೆಂದಿರುವಾಗ ಸಾಹೇಬರ ದನಿ ಬಂತು.

“ಅಮ್ಮಾ! ಎಷ್ಟಿದ್ದವು ಒರಳು?”

ಅವರು ಹಾಗೇಕೆ ಕೇಳಿದರೆಂದು ನನಗೆ ಅರ್ಥವಾಯಿತು. ಆಯಿಯ ಕೈ ಹಿಡಿದುಕೊಂಡೆ. ಇವಳು ಹೇಳುವ ಅಂಕಿ ತಪ್ಪಾದರೆ ಏಳು ವಾಡೆಯೂ ಕತೆಯಾಗಿ ಹೋಗುತ್ತವೆ. ಆಯಿ ಒಂದು ಕ್ಷಣವೂ ಯೋಚಿಸಲಿಲ್ಲ.

“ಎರಡು! ದೊಡ್ಡದು ನಮ್ಮತ್ತಿದು! ಸಣ್ಣದು ನಂದು, ಅರ್ಧಾ ಕೊರದದ್ದು, ಪೂರಾ ಆಗಲಿಲ್ಲ!”

ಹನ್ನೆರಡೂ ಹತ್ತಕ್ಕೆ ಇಬ್ಬರೂ ದಡಕ್ಕೆ ಬಂದರು. ಅಪ್ಪನ ಮೊಣಕೈವರೆಗೆ ಮಣ್ಣು. ಎರಡು ಬೆರಳೆತ್ತಿ ನನಗೆ ತೋರಿಸಿದರು. ದಾಟಿ ಹತ್ತಿರ ಬರಹೋದವರನ್ನು ಆಯಿ ಕೋಲು ಅಡ್ಡ ಹಿಡಿದು ತಡೆದಳು.

“ಅಲ್ಲೇ ನಿಂದ್ರು. ಮೊದಲ ಕಾಲು ತೊಳಕೊ. ಮಾರೀನೂ. ಸಾಹೇಬ್ರ, ನೀವೂ ತೊಳಕೋರ್ರಿ.”

ಸಾಹೇಬರು ಶೂ ಬಿಚ್ಚಿ, ಪ್ಯಾಂಟು ಮಡಚಿ, ಹಳ್ಳದಲ್ಲಿ ನಿಂತು ಕಾಲು ತೊಳೆದರು, ಮುಖ ತೊಳೆದರು. ಆಮೇಲೆ ಆಯಿಯ ಎದುರು ಕಲ್ಲಿನ ಮೇಲೆ ಕುಳಿತು ನಮೂನೆಯ ಹಾಳೆ ತುಂಬತೊಡಗಿದರು. ನಾನು ಅವರ ಮುಖ ನೋಡಿದೆ. ಅದರಲ್ಲಿ ಏನೂ ತಿಳಿಯುತ್ತಿರಲಿಲ್ಲ. ಒರಳಿನ ಅಳತೆ ಬರೆದರು. ಹಳ್ಳದಿಂದ ಎಷ್ಟು ದೂರ ಎಂದು ಬರೆದರು.

“ಈ ವಾಡೆಯಲ್ಲಿ ಆಗ ನಿಮ್ಮ ಮನೆಯಲ್ಲಿ ಎಷ್ಟು ಜನ ಇದ್ರಿ, ಅಮ್ಮಾ?”

ಆಯಿ ಬೆರಳು ಮಡಚಿದಳು. ಅತ್ತೆ, ಮಾವ, ಗಂಡ, ಮೈದುನ, ತಾನು. “ಐದ್ರೀ.”

ಅವರು 5 ಎಂದು ಬರೆದರು. ಮುಂದಿನ ಸಾಲಿಗೆ ಹೋದರು. ಸಾಗುವಳಿ ಏನು, ಎಮ್ಮೆ ಎಷ್ಟು. ಹಾಳೆ ಮುಗಿಯಿತು. ಅಪ್ಪ ಸಹಿ ಮಾಡಿದರು. ಆಯಿ ಹೆಬ್ಬೆಟ್ಟು ಒತ್ತಲು ಕೈ ಚಾಚಿದವಳು ಹಾಗೇ ತಡೆದಳು.

“ಐದಲ್ರೀ. ಆರು ಬರಕೋರ್ರಿ.”

“ಆರನೆಯವರು ಯಾರಮ್ಮಾ?”

“ಹುಡುಗ.”

“ಹೆಸರು?”

“ಹೆಸರ ಇಟ್ಟಿದ್ದಿಲ್ಲ. ಹತ್ತ ದಿನದ್ದು.” ಕೈ ಹಿಂದಕ್ಕೆ ತೆಗೆದು, “ಜ್ವರಾ ಬಂತಲ್ರೀ” ಅಂದಳು.

ಅಪ್ಪ ಆಚೆ ದಡದ ಕಡೆ ತಿರುಗಿ ನೋಡಿದರು. ತನಗೆ ಅಣ್ಣನೊಬ್ಬ ಇದ್ದನೆಂದು ಐವತ್ತೆರಡು ವರ್ಷದಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ.

ಸಾಹೇಬರು ಐದನ್ನು ಹೊಡೆದು ಹಾಕಿ ಪಕ್ಕದಲ್ಲಿ ಆರು ಬರೆದರು. ಆಯಿ ಹೆಬ್ಬೆಟ್ಟು ಒತ್ತಿದಳು.

ಆ ಹಾಳೆ ಖಾನಾಪುರದಲ್ಲಿದೆ. ಉಳಿದ ಹತ್ತು ಮನೆಯವರೂ ಹೇಳಿಕೆ ಬದಲಿಸಿ ಬರೆಸಲೋ ಬೇಡವೋ ಎಂದು ನಮ್ಮದರ ತೀರ್ಪಿಗೆ ಕಾಯುತ್ತಿದ್ದಾರೆ. ಭಾನುವಾರ ನಾನು ಹೋದಾಗಲೆಲ್ಲ ಒಬ್ಬರಾದರೂ ಬಂದು ಕೇಳುತ್ತಾರೆ. ಇನ್ನೂ ಏನೂ ಬಂದಿಲ್ಲ. ಕಚೇರಿಯ ಹಾಳೆಯಲ್ಲಿ ಅಂಕಿ ತಿದ್ದಿದರೆ ತಿದ್ದಿದವರು ಬದಿಯಲ್ಲಿ ಸಹಿ ಹಾಕಬೇಕು, ಇಲ್ಲದಿದ್ದರೆ ಆ ಹಾಳೆ ನಿಲ್ಲುವುದಿಲ್ಲ ಎಂದು ಆಮೇಲೆ ಯಾರೋ ಹೇಳಿದರು. ಸಾಹೇಬರು ಸಹಿ ಹಾಕಿದರೇ? ಎಲ್ಲವನ್ನೂ ಬರೆದಿಡುವ ನಾನು ಅದೊಂದನ್ನು ನೋಡಲಿಲ್ಲ. ಆಗ ಆಯಿಯ ಮುಖ ನೋಡುತ್ತಿದ್ದೆ.